ಪದ ಪರಿಚಯ: ಡಿಸ್‌ಪ್ಲೇ ಫಾಂಟ್, ಅದರಲ್ಲೂ ದೆವ್ವದ್ದು

ಶಿವಮೊಗ್ಗದ ದುರ್ಗಿಗುಡಿ ಕಡೆಯ ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಿ ‘ಕಾಲೇಜಿನ ದೆವ್ವದ ನಾಟಕಕ್ಕೆ ಒಂದು ಪೋಸ್ಟರ್ ಆಗಬೇಕಿತ್ತು’ ಎನ್ನಿ. ‘ರಕ್ತ ತೊಟ್ಟಿಕ್ಕೋ ಅಕ್ಷರ ಹಾಕ್ಲಾ ಸಾರ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಂಥ ಅಕ್ಷರಗಳು ಡಿಸ್‌ಪ್ಲೇ ಫಾಂಟ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದವು.

ಪುಸ್ತಕದ ಒಳಪುಟದ ಅಕ್ಷರ ಸಾಮಾನ್ಯವಾಗಿ 9ರಿಂದ 12 ಪಾಯಿಂಟ್ ಗಾತ್ರದ್ದು. 72 ಪಾಯಿಂಟ್ ಸೇರಿದರೆ ಒಂದು ಇಂಚು. ಅದು ತನ್ನ ಪಾಡಿಗೆ ತಾನಿದ್ದು ಓದಿಸಿಕೊಂಡು ಹೋಗಬೇಕು. ಡಿಸ್‌ಪ್ಲೇ ಫಾಂಟ್ ಮಾತ್ರ ದೊಡ್ಡ ಗಾತ್ರಕ್ಕೆಂದೇ, ಒಂದೆರಡು ಪದಕ್ಕೆಂದೇ ಹುಟ್ಟಿದ್ದು. ದಾರಿಹೋಕರನ್ನು ನಿಲ್ಲಿಸುವುದು ಅದರ ಕೆಲಸ. ಜಾಹೀರಾತಿನ ಭರಾಟೆ ಶುರುವಾದ ಹತ್ತೊಂಬತ್ತನೇ ಶತಮಾನದಲ್ಲಿ ಸೀಸದ ದೊಡ್ಡ ಅಕ್ಷರಗಳು ಭಾರ, ದುಬಾರಿ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡ ಮೇಲೆ ಭಿತ್ತಿಪತ್ರದ ಅಕ್ಷರಗಳಿಗೆ ಹಿಡಿಯುವವರೇ ಇಲ್ಲವಾಯಿತು.

ದೆವ್ವದ ಫಾಂಟು ಹೆದರಿಸುವ ಉಪಾಯಗಳು ಬೆರಳೆಣಿಕೆಯವು. ಸಾಲು ನೆಟ್ಟಗಿರುವುದಿಲ್ಲ, ಒಂದಕ್ಷರ ಮೇಲೆ, ಒಂದು ಕೆಳಗೆ. ಅಂಚು ಉಗುರಲ್ಲಿ ಪರಚಿದ ಹಾಗೆ. ಗೀಟು ದಪ್ಪಗೆ ಹೊರಟು ಮುಳ್ಳಾಗಿ ಮುಗಿಯುತ್ತದೆ. ಎಂಎಸ್ ಆಫೀಸ್ ಜೊತೆ ಬರುವ ‘ಚಿಲ್ಲರ್’ ನೋಡಿದವರಿಗೆ ಇದು ಗೊತ್ತು. ಅಗ್ಗದ ಫಾಂಟಿನ ಗುಟ್ಟು ರಟ್ಟಾಗುವುದು ಒಂದೇ ಅಕ್ಷರ ಎರಡು ಸಲ ಬಂದಾಗ: ‘ಪಾಪ’ ಎಂದು ಬರೆದರೆ ಎರಡೂ ‘ಪ’ಗಳಿಂದ ಅದೇ ಜಾಗದಲ್ಲಿ ಅದೇ ಹನಿ ಇಳಿಯುತ್ತದೆ. ಭಯ ಅಲ್ಲಿಗೇ ಮುಗಿಯಿತು. ಮನಸ್ಸಿಟ್ಟು ಮಾಡಿದವರು ಒಂದೊಂದು ಅಕ್ಷರಕ್ಕೂ ಎರಡು ಮೂರು ರೂಪ ಕೊಟ್ಟಿರುತ್ತಾರೆ.

ಕನ್ನಡಕ್ಕೆ ಬಂದರೆ ತಾಪತ್ರಯ ಬೇರೆ. ಚಿಲ್ಲರ್ ಆರಿಸಿ ಯುನಿಕೋಡ್‌ನಲ್ಲಿ ಕನ್ನಡ ಕುಟ್ಟಿದರೆ ದೆವ್ವ ಬರುವುದಿಲ್ಲ. ಅದರಲ್ಲಿ ಕನ್ನಡದ ಅಕ್ಷರಗಳೇ ಇಲ್ಲದ ಕಾರಣ ವಿಂಡೋಸ್ ತನ್ನಲ್ಲಿರುವ ಕನ್ನಡ ಫಾಂಟನ್ನು ತಂದು ಕೂರಿಸುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಅದರ ಹೆಸರು ‘ತುಂಗಾ’! ನಮ್ಮೂರಿನ ಹೊಳೆಯಷ್ಟೇ ಸೌಮ್ಯ (ಮಳೆಗಾಲ ಬಿಟ್ಟು).

ಇಂಗ್ಲಿಷ್ ಫಾಂಟಿನ ಉಪಾಯಗಳನ್ನು ಕನ್ನಡಕ್ಕೆ ಹಾಗೇ ಅಂಟಿಸಲೂ ಬರುವುದಿಲ್ಲ. ರಕ್ತ ಇಳಿಯುವುದು ಅಕ್ಷರದ ಕೆಳಗೆ. ನಮ್ಮ ಒತ್ತಕ್ಷರಗಳು ಕೂರುವುದೂ ಅಲ್ಲೇ. ‘ರಕ್ತ’ ಎಂದೇ ಬರೆದು ನೋಡಿ: ‘ಕ’ದ ಹನಿ ನೇರ ‘ತ’ ಒತ್ತಿನ ತಲೆಗೆ. ಅಲ್ಪಪ್ರಾಣಗಳ ಗತಿ ಇನ್ನೂ ಮೋಜು. ‘ಬ’ಕ್ಕೂ ‘ಭ’ಕ್ಕೂ, ‘ದ’ಕ್ಕೂ ‘ಧ’ಕ್ಕೂ ವ್ಯತ್ಯಾಸ ಅಡಿಯ ಪುಟ್ಟ ಗೀಟು ಮಾತ್ರ. ‘ಹಾಳು ಬಾವಿ’ಯ ‘ಬ’ದಡಿ ಒಂದು ಹನಿ ಜೋತುಬಿದ್ದರೆ ‘ಹಾಳು ಭಾವಿ’ ಆಗಿ, ನಾಟಕ ನೋಡುವ ಮೊದಲೇ ಪ್ರೇಕ್ಷಕರ ಭವಿಷ್ಯ ಹಾಳು. ಗೋಡೆ ಬಿರುಕು ಬಿಟ್ಟಂತೆ ಅಡ್ಡ ಗೀರಿದರೆ ‘ಪ’ ಹೋಗಿ ‘ಷ’.

ನನ್ನ ಕೇಳಿದರೆ ಕನ್ನಡದ ಅಕ್ಷರ ಹೆದರಿಸಬೇಕಾದ್ದು ತಲೆಕಟ್ಟಿನಿಂದ. ಅದನ್ನು ಕೊಂಬಿನಂತೆ ಎಳೆಯಬಹುದು, ಸೀಳಬಹುದು, ಓದಿಗೆ ಧಕ್ಕೆಯಿಲ್ಲ. ಸುರುಳಿ ಮಾತ್ರ ಸುತ್ತಬಾರದು, ‘ಕ’ ಹೋಗಿ ‘ಕಿ’ ಆದೀತು. ಮಾದರಿ ಬೇಕೆಂದರೆ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ ನೋಡಿ. ರಾಕ್ಷಸನ ಮುಖದ ಸುತ್ತ ಅಕ್ಕಿಹಿಟ್ಟಿನಲ್ಲಿ ಇಡುವ ಚುಟ್ಟಿಯ ಬಿಳಿ ಮುಳ್ಳುಗಳಿಗಿಂತ ಒಳ್ಳೆಯ ಅಂಚು ಯಾವ ಹಾಲಿವುಡ್ ಪೋಸ್ಟರಿನಲ್ಲೂ ನನಗೆ ಕಂಡಿಲ್ಲ.

ಇದನ್ನು ಬಳಸುವುದೆಲ್ಲಿ? ನಾಟಕದ ಪೋಸ್ಟರ್, ಪತ್ತೇದಾರಿ ಕಾದಂಬರಿಯ ಮುಖಪುಟ, ಯೂಟ್ಯೂಬಿನ ಭೂತದ ಕಥೆಗಳ ಥಂಬ್‌ನೇಲ್, ಹೋಂಸ್ಟೇಯವರ ‘ಹಾರರ್ ನೈಟ್’. ಅದೂ ಶೀರ್ಷಿಕೆಗೆ ಮಾತ್ರ. ದಿನಾಂಕ, ಸ್ಥಳ, ಫೋನ್ ನಂಬರು ಸಾದಾ ಅಕ್ಷರದಲ್ಲಿರಲಿ. ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ ಎಂಬುದು ಬೋರ್ಡ್ ಬರೆಯುವವರ ಲೆಕ್ಕ. ಸೊಟ್ಟ ಅಕ್ಷರಕ್ಕೆ ಅದನ್ನು ಎರಡಿಂಚು ಎಂದುಕೊಳ್ಳಿ.

ನಿಜವಾದ ಅಪಾಯಕ್ಕೆ ಇದು ಬೇಡ. 253 ಮೀಟರ್ ಆಳಕ್ಕೆ ಧುಮುಕುವ ಜೋಗದ ಅಂಚಿನಲ್ಲಿ ‘ಮುಂದೆ ಹೋಗಬೇಡಿ’ ಎಂಬುದು ನೆಟ್ಟಗಿನ, ದಪ್ಪ ಅಕ್ಷರದಲ್ಲೇ ಇರಬೇಕು. ಅಲ್ಲಿ ರಕ್ತ ಸುರಿಸಿದರೆ ಜನ ಸೆಲ್ಫಿ ತೆಗೆಸಿಕೊಂಡಾರು. ತೊಂಬತ್ತರ ದಶಕದಲ್ಲಿ ರಾಜ್ಯದ ಎಷ್ಟೋ ಮನೆಬಾಗಿಲುಗಳ ಮೇಲೆ ದೆವ್ವಕ್ಕೆಂದೇ ಬರೆದಿದ್ದ ‘ನಾಳೆ ಬಾ’ಕ್ಕೂ ಅಲಂಕಾರ ಇರಲಿಲ್ಲ. ಸೀಮೆಸುಣ್ಣವೋ ಇದ್ದಿಲೋ ಸಿಕ್ಕಿದ್ದರಲ್ಲಿ ಗೀಚಿದ್ದು. ಓದುವವಳು ದೆವ್ವವೇ ಆದರೂ ಓದಲು ಬರಬೇಕಲ್ಲ!

ಕನ್ನಡದಲ್ಲಿ ರೆಡಿಮೇಡ್ ದೆವ್ವ ಸಿಗದಿದ್ದರೆ ಗೂಗಲ್ ಫಾಂಟ್ಸ್‌ನ ‘ಅಕಾಯ ಕನಡಕ’ದಿಂದ ಶುರು ಮಾಡಬಹುದು. ಹಳೆಯ ಕನ್ನಡ ಪುಸ್ತಕಗಳ ಕೈಬರಹದ ಮುಖಪುಟಗಳಿಂದ ಸ್ಫೂರ್ತಿ ಪಡೆದ ಫಾಂಟಿದು. ಭಯಕ್ಕಿಂತ ತುಂಟತನ ಜಾಸ್ತಿ, ಆದರೆ ಒಳ್ಳೆಯ ವಕ್ರತೆಯಿದೆ. ಮುಕ್ತ ಪರವಾನಗಿಯದ್ದು, ದುಡ್ಡಿನ ಕೆಲಸಕ್ಕೂ ಬಳಸಬಹುದು. ಶೀರ್ಷಿಕೆ ಟೈಪಿಸಿ ಕರ್ವ್ಸ್‌ಗೆ (ಅಂದರೆ ಎಳೆದು ತಿದ್ದಬಹುದಾದ ಗೆರೆಚಿತ್ರಕ್ಕೆ) ಬದಲಾಯಿಸಿಕೊಂಡು ತಲೆಕಟ್ಟುಗಳನ್ನು ಒಂದೊಂದಾಗಿ ಎಳೆಯುತ್ತಾ ಹೋಗಿ. ಟೈಪಿಸಿದ್ದರ ಒಂದು ಪ್ರತಿಯನ್ನು ಬೇರೆ ಇಟ್ಟುಕೊಂಡಿರಿ. ಕರ್ವ್ಸ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ.