ಜೀಪು ಜಪ್ತಿ ಮಾಡುವ ಕೋರ್ಟು ಮತ್ತು ಮೂರನೇ ಎರಡರ ಬಹುಮತ

"ಸಾಹೇಬ್ರ, ಅವರಿಗೆ ಮೆಜಾರಿಟಿ ಐತಿ ಅಂದಮ್ಯಾಲ ಸಂವಿಧಾನಾನೂ ಬದಲಿ ಮಾಡಬಹುದಲ್ಲ?" ಬಾಗಲಕೋಟೆ ನವನಗರದ ಕೋರ್ಟಿನ ಹತ್ತಿರ ಚಹಾ ಕುಡಿಯುವಾಗ ಕಕ್ಷಿದಾರರು ಇದನ್ನು ಕೇಳುತ್ತಲೇ ಇರುತ್ತಾರೆ. ಯಾವ ಪಕ್ಷದ ಸರ್ಕಾರ ಇದ್ದರೂ ಪ್ರಶ್ನೆ ಇದೇ. ಮಾಡಬಹುದು, ಆದರೆ ಎಲ್ಲವನ್ನೂ ಅಲ್ಲ.

ಮೊದಲು ಲೆಕ್ಕ. ಮಾಮೂಲಿ ಕಾಯ್ದೆಗೆ, ಮತ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಿದರೆ ಸಾಕು. ಸಂವಿಧಾನ ತಿದ್ದುಪಡಿಗೆ 368ನೇ ವಿಧಿ ಎರಡು ಷರತ್ತು ಹಾಕುತ್ತದೆ. ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಬೇಕು, ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಮಂದಿಯೂ ಒಪ್ಪಬೇಕು. 543 ಸದಸ್ಯರ ಲೋಕಸಭೆಯಲ್ಲಿ 450 ಮಂದಿ ಮತ ಹಾಕಿದರೆ 300 ಬೇಕು. ರಾಜ್ಯಸಭೆಯಲ್ಲೂ ಬೇರೆಯಾಗಿ ಇದೇ ಲೆಕ್ಕ. ಸುಪ್ರೀಂ ಕೋರ್ಟು, ಹೈಕೋರ್ಟುಗಳ ಅಧ್ಯಾಯ ಮುಟ್ಟಿದರೆ ಕನಿಷ್ಠ ಅರ್ಧದಷ್ಟು ರಾಜ್ಯಗಳೂ ಹೂಂ ಅನ್ನಬೇಕು.

ಇಷ್ಟೆಲ್ಲ ದಾಟಿದ ತಿದ್ದುಪಡಿಯೂ ಬಿದ್ದುಹೋಗಿದೆ. ಜಡ್ಜ್‌ಗಳ ನೇಮಕಕ್ಕೆ ಆಯೋಗ ತರುವ 99ನೇ ತಿದ್ದುಪಡಿಗೆ 2014ರಲ್ಲಿ ಲೋಕಸಭೆಯಲ್ಲಿ ಒಂದೇ ಒಂದು ವಿರೋಧ ಮತ ಬೀಳಲಿಲ್ಲ. ರಾಜ್ಯಗಳೂ ಒಪ್ಪಿದವು. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು 4–1ರಿಂದ ಅದನ್ನು ರದ್ದು ಮಾಡಿತು. ನ್ಯಾಯಾಂಗದ ಸ್ವಾತಂತ್ರ್ಯ ಸಂವಿಧಾನದ ಮೂಲ ರಚನೆಯ, ಅಂದರೆ ಅದು ನಿಂತಿರುವ ಬುನಾದಿಯ, ಭಾಗ, ಅದನ್ನು ಸಂಸತ್ತು ಮುಟ್ಟುವಂತಿಲ್ಲ ಎಂದಿತು. ನನಗೆ ಆ ತೀರ್ಪು ಪೂರ್ತಿ ಹಿಡಿಸಿಲ್ಲ. ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸುವ ಕೊಲಿಜಿಯಂ ಸಂವಿಧಾನದಲ್ಲಿ ಬರೆದದ್ದಲ್ಲ, 1993ರ ತೀರ್ಪಿನಿಂದ ಬಂದದ್ದು. ಒಳಗೆ ಏನು ನಡೆಯುತ್ತದೋ ಹೊರಗಿನವರಿಗೆ ಗೊತ್ತಾಗುವುದಿಲ್ಲ ಎಂದು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಚೆಲಮೇಶ್ವರ್ ಆಕ್ಷೇಪಿಸಿದ್ದರಲ್ಲ, ಅದರಲ್ಲಿ ತೂಕವಿದೆ.

ಹಾಗಂತ ಜಡ್ಜ್‌ಗಳ ನೇಮಕವನ್ನು ಸರ್ಕಾರದ ಕೈಗೆ ಕೊಟ್ಟರೆ? ಅದನ್ನೂ ನೋಡಿದ್ದೇವೆ. ಮೂಲ ರಚನೆಯ ಮಾತು ಹುಟ್ಟಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಕೇಸಿನಲ್ಲಿ. 1973ರ ಏಪ್ರಿಲ್ 24, 13 ಜಡ್ಜ್‌ಗಳು, 7–6: ಸಂಸತ್ತು ಸಂವಿಧಾನ ತಿದ್ದಬಹುದು, ಅದರ ಮೂಲ ರಚನೆ ಕೆಡಿಸುವಂತಿಲ್ಲ. ತೀರ್ಪಿನ ಬೆನ್ನಲ್ಲೇ ಸರ್ಕಾರ ಮೂವರು ಹಿರಿಯ ಜಡ್ಜ್‌ಗಳನ್ನು ಬಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರೂ ಸರ್ಕಾರಕ್ಕೆ ಹಿಡಿಸದ ಕಡೆ ಸಹಿ ಹಾಕಿದವರು. ಅವರಲ್ಲಿ ಒಬ್ಬರು ನಮ್ಮ ಕೆ.ಎಸ್. ಹೆಗ್ಡೆ. ರಾಜೀನಾಮೆ ಕೊಟ್ಟು ಹೊರಬಂದರು, ಮುಂದೆ ಲೋಕಸಭೆಯ ಸ್ಪೀಕರ್ ಆದರು.

ಡೆಲ್ಲಿಯ ಈ ಗಲಾಟೆಯಲ್ಲಿ ನಮ್ಮೂರಿನ ಕೋರ್ಟು ಯಾರಿಗೂ ನೆನಪಾಗುವುದಿಲ್ಲ. ಮುಳುಗಡೆ ರೈತನ ಜಮೀನಿಗೆ ಅಧಿಕಾರಿಗಳು ಒಂದು ದರ ಕಟ್ಟುತ್ತಾರೆ. ರೈತ ಕೋರ್ಟಿಗೆ ಹೋಗಿ ಹೆಚ್ಚಿನ ದರಕ್ಕೆ ತೀರ್ಪು ತರುತ್ತಾನೆ. ದುಡ್ಡು ಮಾತ್ರ ಬರುವುದಿಲ್ಲ. ಸರ್ಕಾರದ ಮೇಲಿನ ಡಿಕ್ರಿ ಅಲ್ವಾ, ಮೂರು ತಿಂಗಳು ಕಾಯಬೇಕು. ಆಮೇಲೆ ತೀರ್ಪು ಜಾರಿ ಮಾಡಿಸಿ ಎಂಬ ಅಮಲ್ಜಾರಿ ಅರ್ಜಿ, ವಾಯಿದೆ ಮೇಲೆ ವಾಯಿದೆ, ಕೊನೆಗೆ ಜಪ್ತಿ ವಾರಂಟು. ಕೋರ್ಟಿನ ನೌಕರ ಬೇಲಿಫ್ ಸರ್ಕಾರಿ ಕಚೇರಿಗೆ ಹೋಗಿ ಕುರ್ಚಿ, ಕಂಪ್ಯೂಟರು, ಪ್ರಿಂಟರು ಅಂತ ಪಟ್ಟಿ ಮಾಡುತ್ತಾರೆ. ಅಲ್ಲಿಯವರೆಗೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜೀಪಿನ ಕೀಲಿ ಕೇಳಿದ ಕೂಡಲೇ ಬೆಂಗಳೂರಿಗೆ ಫೋನು ಹೋಗುತ್ತದೆ!

ಆ ವಾರಂಟಿಗೆ ಸಹಿ ಹಾಕಿದ ಸಿವಿಲ್ ಜಡ್ಜ್ ಮರುದಿನವೂ ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಒಬ್ಬ ತಹಶೀಲ್ದಾರರೋ ಪಿಎಸ್‌ಐಯೋ ಇಂಥ ಕೆಲಸ ಮಾಡಿದ್ದರೆ ವರ್ಗಾವಣೆ ಆದೇಶ ಸಂಜೆಯೊಳಗೆ ಬಂದಿರುತ್ತಿತ್ತು. ವ್ಯತ್ಯಾಸ ಇರುವುದು 235ನೇ ವಿಧಿಯಲ್ಲಿ. ಕೆಳಗಿನ ಜಡ್ಜ್‌ಗಳ ಪೋಸ್ಟಿಂಗು, ಬಡ್ತಿ, ರಜೆ ಎಲ್ಲ ಹೈಕೋರ್ಟಿನ ಕೈಯಲ್ಲಿ. ಶಾಸಕರ ಚೀಟಿ ಅಲ್ಲಿ ನಡೆಯುವುದಿಲ್ಲ.

ಈಗ 368ನ್ನು ಇನ್ನೊಮ್ಮೆ ಓದಿ. ರಾಜ್ಯಗಳ ಒಪ್ಪಿಗೆ ಬೇಕಾದ ಪಟ್ಟಿಯಲ್ಲಿ ಸುಪ್ರೀಂ ಕೋರ್ಟಿನ ಅಧ್ಯಾಯವಿದೆ, ಹೈಕೋರ್ಟುಗಳ ಅಧ್ಯಾಯವಿದೆ. 233ರಿಂದ 237ರವರೆಗಿನ ಅಧೀನ ನ್ಯಾಯಾಲಯಗಳ ಅಧ್ಯಾಯವಿಲ್ಲ. ಅಂದರೆ ಜಿಲ್ಲಾ ಮಟ್ಟದ ಜಡ್ಜ್‌ಗಳನ್ನು ಕಾಯುವ ವಿಧಿಯನ್ನು ಬದಲಿಸಲು ಕರ್ನಾಟಕವನ್ನೂ ಕೇಳಬೇಕಿಲ್ಲ, ಮಹಾರಾಷ್ಟ್ರವನ್ನೂ ಕೇಳಬೇಕಿಲ್ಲ. ಸಂಸತ್ತಿನ ಎರಡು ಸದನ ಸಾಕು. ಜನ ಜಾಸ್ತಿ ಹತ್ತುವ ಮೆಟ್ಟಿಲಿಗೇ ಕಾವಲು ಕಡಿಮೆ. ಇದನ್ನು ಹೇಳಿದರೆ ಕಿರಿಯ ವಕೀಲರೇ ಎಷ್ಟೋ ಸಲ ಪುಸ್ತಕ ತೆರೆದು ನೋಡುತ್ತಾರೆ.

ಹಾಗೆ ಬದಲಿಸಿದರೆ ತಡೆಯಲು ಉಳಿಯುವುದು ಮೂಲ ರಚನೆಯ ಮಾತು ಒಂದೇ. ಅದನ್ನೇ ತೆಗೆದುಹಾಕುವ ಪ್ರಯತ್ನವೂ ಆಗಿದೆ. ತುರ್ತು ಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿ, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮಿತಿಯೇ ಇಲ್ಲ, ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂದು 368ರೊಳಗೇ ಬರೆಯಿತು. ಆ ಸಾಲುಗಳು 1980ರಲ್ಲಿ ಬಿದ್ದವು. ಮಿತಿಯುಳ್ಳ ಅಧಿಕಾರವನ್ನು ಹಿಡಿದುಕೊಂಡು ಆ ಮಿತಿಯನ್ನೇ ಅಳಿಸಲಾಗದು ಎಂದಿತು ಸುಪ್ರೀಂ ಕೋರ್ಟು. ಕೇಸು ಹಾಕಿದ್ದು ಬೆಂಗಳೂರಿನ ಒಂದು ಬಟ್ಟೆ ಗಿರಣಿ, ಮಿನರ್ವ ಮಿಲ್ಸ್.