ಕಾರಿನ ವೋಲ್ಟ್ ಎಲ್ಲಿ ಸೋರುತ್ತದೆ?

ಎಂಜಿನ್ ಓಡುತ್ತಿದೆ. ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಿಡಿದರೆ 14.2 ವೋಲ್ಟ್. ದೋಷದ ಕೋಡ್ ಓದುವ ಸ್ಕ್ಯಾನರ್ ಸಿಕ್ಕಿಸಿ ನೋಡಿದರೆ, ರೇಡಿಯೇಟರ್ ಫ್ಯಾನ್ ತಿರುಗಿದಾಗಲೆಲ್ಲ ಇಸಿಯು (ಎಂಜಿನನ್ನು ನಡೆಸುವ ಕಂಪ್ಯೂಟರ್) ಓದುತ್ತಿರುವುದು 10.9. ಜೊತೆಗೆ ಪಿ0562 ಎಂಬ ಕೋಡ್ ಕೂತಿದೆ. ಆ ಕೋಡಿಗೆ ಗ್ಯಾರೇಜಿನಲ್ಲಿ ಸಿಗುವ ಅನುವಾದ 'ಬ್ಯಾಟರಿ ಹೋಗಿದೆ ಸಾರ್'. ಕೋಡ್ ಹಾಗೆ ಹೇಳುವುದೇ ಇಲ್ಲ. 'ನನ್ನ ಪಿನ್ನಿಗೆ ಬರುತ್ತಿರುವ ವೋಲ್ಟೇಜ್ ಕಡಿಮೆ' ಎನ್ನುತ್ತದೆ, ಅಷ್ಟೇ. ಬ್ಯಾಟರಿಯಿಂದ ಹೊರಟ 14.2ರಲ್ಲಿ 3.3 ವೋಲ್ಟ್ ದಾರಿಯಲ್ಲೇ ಕಳೆದುಹೋಗಿದೆ. ಹುಡುಕಬೇಕಾದದ್ದು ಆ ದಾರಿಯನ್ನು.

ಹಳ್ಳಿಯಲ್ಲಿ ಬೆಳೆದವರಿಗೆ ಇದು ಗೊತ್ತಿರುವ ಸಂಗತಿಯೇ. ಲೈನಿನ ಕೊನೆಯಲ್ಲಿರುವ ಮನೆಯ ಬಲ್ಬು ಎಲ್ಲರ ಪಂಪ್‌ಸೆಟ್ ನಿಂತಿರುವಾಗ ಸರಿಯಾಗಿಯೇ ಉರಿಯುತ್ತದೆ. ಪಂಪ್‌ಗಳು ಚಾಲೂ ಆದವೋ, ಅದು ಮಂಕು. ತಂತಿಯಲ್ಲಿ ಕರೆಂಟ್ ಹರಿದಾಗ ಮಾತ್ರ ವೋಲ್ಟೇಜ್ ಬೀಳುತ್ತದೆ, ಹರಿಯದಿದ್ದರೆ ಬೀಳುವುದಿಲ್ಲ. ಕಾರಿನಲ್ಲೂ ಇಷ್ಟೇ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ 0.01 ಓಮ್ ರೋಧ ಇದೆ ಎನ್ನಿ. 5 ಆಂಪಿಯರ್‌ನ ಹೆಡ್‌ಲೈಟಿಗೆ ಅದರಿಂದ ಆಗುವ ನಷ್ಟ 0.05 ವೋಲ್ಟ್, ಲೆಕ್ಕಕ್ಕಿಲ್ಲ. ಸೆಲ್ಫ್ ಮೋಟಾರ್ 150 ಆಂಪಿಯರ್ ಎಳೆದಾಗ ಅದೇ ಜೋಡಣೆ 1.5 ವೋಲ್ಟ್ ನುಂಗುತ್ತದೆ. ಈ 0.01 ಓಮನ್ನು ಮೀಟರಿನ ಓಮ್ ರೇಂಜಿನಲ್ಲಿ ಹಿಡಿಯಲು ಹೋಗಬೇಡಿ. ಮೀಟರಿನ ವೈರುಗಳದ್ದೇ 0.2 ಓಮ್ ಇರುತ್ತದೆ. 'ವೈರ್ ಚೆಕ್ ಮಾಡಿದೆ, ಬೀಪ್ ಬಂತು' ಎನ್ನುವ ಪರೀಕ್ಷೆ ವೈರ್ ತುಂಡಾಗಿಲ್ಲ ಎಂಬುದನ್ನಷ್ಟೇ ಹೇಳುತ್ತದೆ.

ಮೊದಲು ಬ್ಯಾಟರಿಯ ಮೇಲಿನ ಅನುಮಾನ ಮುಗಿಸಿಬಿಡೋಣ. ಒಳಗೆ ಆರು ಸೆಲ್, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಮೀಟರನ್ನು ಡಿಸಿ 20 ವೋಲ್ಟ್ ರೇಂಜಿಗೆ ತಿರುಗಿಸಿ. ಕಾರು ರಾತ್ರಿಯಿಡೀ ನಿಂತಿದ್ದ ಮೇಲೆ 12.6 ಅಥವಾ ಹೆಚ್ಚು ಬಂದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಹೆಚ್ಚುಕಡಿಮೆ ಖಾಲಿ. 10.5ರ ಹತ್ತಿರ ನಿಂತು ಚಾರ್ಜಿಗಿಟ್ಟರೂ ಮೇಲೇಳದಿದ್ದರೆ ಒಂದು ಸೆಲ್ ಸತ್ತಿದೆ. ಆಗ ಮಾತ್ರ ವಾದವಿಲ್ಲದೆ ಹೊಸದು ತನ್ನಿ. ಕಾರು ಈಗಷ್ಟೇ ಓಡಿ ಬಂದಿದ್ದರೆ ಪ್ಲೇಟುಗಳ ಮೇಲ್ಮೈಯ ಚಾರ್ಜ್ ಸುಳ್ಳು ಭರವಸೆ ಕೊಡುತ್ತದೆ. ಎಂಜಿನ್ ಆರಿಸಿ ಎರಡು ನಿಮಿಷ ಹೆಡ್‌ಲೈಟ್ ಹಾಕಿ, ಆರಿಸಿ, ಐದು ನಿಮಿಷ ಬಿಟ್ಟು ಅಳೆಯಿರಿ.

ಆಮೇಲೆ ಮೀಟರನ್ನು ಬ್ಯಾಟರಿಯ ಮೇಲೇ ಬಿಟ್ಟು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ನಮ್ಮ ಊರುಗಳ ಹವೆಯಲ್ಲಿ 9.6ಕ್ಕಿಂತ ಕೆಳಗೆ ಇಳಿಯಬಾರದು. ಸೆಲ್ಫ್ ಎತ್ತದೆ 'ಟಕ್' ಎಂದಷ್ಟೇ ಸದ್ದು ಬರುವಾಗ ಈ ಓದಿಗೆ ಎಲ್ಲಿಲ್ಲದ ಬೆಲೆ. ಟಕ್ ಎಂದ ಗಳಿಗೆಯಲ್ಲಿ ಮೀಟರ್ 7ಕ್ಕೆ ಕುಸಿದರೆ ಒಂದೋ ಬ್ಯಾಟರಿ ಸೋತಿದೆ, ಇಲ್ಲವೇ ಮೋಟಾರ್ ಬಿಗಿದುಕೊಂಡಿದೆ. ಮೀಟರ್ 12.4ರಿಂದ ಅಲುಗಾಡದಿದ್ದರೆ ಬ್ಯಾಟರಿಯಿಂದ ದೊಡ್ಡ ಕರೆಂಟ್ ಹೊರಟೇ ಇಲ್ಲ. ಕೇಬಲ್, ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್), ಅರ್ತ್ (ಎಂಜಿನ್, ಬಾಡಿಯ ಲೋಹದ ಮೂಲಕ ಕರೆಂಟ್ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ) ಇವುಗಳಲ್ಲಿ ಒಂದು ಕಟ್ಟಿದೆ. ಇಂಥ ಕಾರಿಗೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅಷ್ಟೇ.

ಈಗ ದಾರಿಯ ಹುಡುಕಾಟ. ಮೀಟರಿನ ಎರಡು ತುದಿಗಳನ್ನು ಪ್ಲಸ್-ಮೈನಸ್ ನಡುವೆ ಹಿಡಿಯುವ ಬದಲು ಒಂದೇ ತಂತಿಯ ಎರಡು ಕೊನೆಗಳಿಗೆ ಹಿಡಿಯಬೇಕು. ಬರುವ ಅಂಕಿಯೇ ಆ ತಂತಿ ನುಂಗಿದ ವೋಲ್ಟ್. ಪೆಟ್ರೋಲ್ ಕಾರಿನಲ್ಲಿ ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತಿಟ್ಟರೆ ಎಂಜಿನ್ ಸ್ಟಾರ್ಟ್ ಆಗದೆ ಸೆಲ್ಫ್ ಮಾತ್ರ ತಿರುಗುತ್ತದೆ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹದ ಮೇಲೆ. ಕಂಬ ಅಂದರೆ ಸೀಸದ ಕಂಬವೇ, ಅದನ್ನು ಹಿಡಿದ ಕ್ಲ್ಯಾಂಪ್ ಅಲ್ಲ. ಕೊಳೆ ಕೂರುವುದು ಆ ಎರಡರ ನಡುವೆಯೇ. ಕ್ಲ್ಯಾಂಪಿನ ಮೇಲಿಟ್ಟರೆ ಕಳ್ಳನನ್ನು ಬಿಟ್ಟು ಮನೆ ಜಪ್ತಿ ಮಾಡಿದಂತೆ. ಸೆಲ್ಫ್ ಹೊಡೆಯುವಾಗ 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಕೆಟ್ಟಿದೆ. ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನವರೆಗೆ 0.5ರ ಒಳಗಿರಬೇಕು. ಹೆಚ್ಚಿದ್ದರೆ ತುದಿಗಳನ್ನು ಒಂದೊಂದೇ ಜೋಡಣೆ ಹತ್ತಿರ ತರುತ್ತಾ ಬನ್ನಿ. ಅಂಕಿ ತಟ್ಟನೆ ಬೀಳುವ ಜಾಗದಲ್ಲಿ ದೋಷ.

ಅರ್ತ್ ಬಗ್ಗೆ ಇನ್ನೆರಡು ಮಾತು ಬೇಕು, ಏಕೆಂದರೆ ವಿಚಿತ್ರವೆನಿಸುವ ತೊಂದರೆಗಳಲ್ಲಿ ಬಹುಪಾಲು ಅಲ್ಲೇ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಹಾಗಾಗಿ ಬಾಡಿಗೂ ಎಂಜಿನ್ನಿಗೂ ವಿದ್ಯುತ್ ಸಂಬಂಧ ಕಟ್ಟಿಕೊಡುವುದು ಹೆಣೆದ ತಾಮ್ರದ ಒಂದು ಪಟ್ಟಿ. ಅದು ಕಡಿದರೆ ಸೆಲ್ಫಿನ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಹಳೆಯ ಕಾರುಗಳಲ್ಲಿ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿ ಹೊಗೆಯಾಡುವುದು ಇದರಿಂದ. ಹಿಂದಿನ ದೀಪದ ಅರ್ತ್ ಸಡಿಲವಾದರೆ ಇನ್ನೊಂದು ಆಟ: ಬ್ರೇಕ್ ಒತ್ತಿದರೆ ಪಾರ್ಕಿಂಗ್ ದೀಪ ಮಿಣುಕುತ್ತದೆ, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ತಾಳ ಹಾಕುತ್ತದೆ. 21 ವ್ಯಾಟಿನ ಬ್ರೇಕ್ ತಂತುವಿನ ಕರೆಂಟ್ ತನ್ನ ಅರ್ತ್ ಸಿಗದೆ ಪಕ್ಕದ 5 ವ್ಯಾಟಿನ ತಂತುವಿನೊಳಗೆ ಹಿಂದುಮುಂದಾಗಿ ನುಗ್ಗಿ ಬೇರೆ ಬಲ್ಬುಗಳ ಮೂಲಕ ಬಾಡಿ ಸೇರುತ್ತಿರುತ್ತದೆ. ಬಲ್ಬ್ ಬದಲಿಸಿ ಪ್ರಯೋಜನವಿಲ್ಲ. ಅರ್ತ್ ಬೋಲ್ಟ್ ಬಿಚ್ಚಿ, ಕೆಳಗಿನ ಬಣ್ಣ, ತುಕ್ಕನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ವ್ಯಾಸಲೀನ್ ಹಚ್ಚುವುದು ಬಿಗಿ ಮಾಡಿದ ಮೇಲೆ, ಹೊರಗಿನಿಂದ. ಉಪ್ಪುಗಾಳಿಯ ಮಂಗಳೂರು, ಕಾರವಾರದ ಕಡೆ ವರ್ಷಕ್ಕೊಮ್ಮೆಯಾದರೂ ಈ ಬೋಲ್ಟುಗಳನ್ನು ನೋಡುವುದು ಒಳ್ಳೆಯದು.

ಮೊದಲು ಹೇಳಿದ ಇಸಿಯು ಕಥೆಯೂ ಇದೇ ಜಾತಿ. ಫ್ಯಾನ್ ಮತ್ತು ಇಸಿಯು ಒಂದೇ ಅರ್ತ್ ಬೋಲ್ಟನ್ನು ಹಂಚಿಕೊಂಡಿವೆ ಎನ್ನಿ. ಫ್ಯಾನಿನ ಕರೆಂಟಿಗೆ ಅಲ್ಲಿ ಕಳೆದ ವೋಲ್ಟ್ ಇಸಿಯುಗೂ ಅಷ್ಟೇ ಕಡಿಮೆಯಾಗುತ್ತದೆ. ಫ್ಯಾನಿನ 15 ಆಂಪಿಯರ್ ಅಲ್ಲಿ 3.3 ವೋಲ್ಟ್ ಕಳೆದರೆ ಸುಮಾರು 50 ವ್ಯಾಟ್ ಶಾಖ, ಒಂದು ಹೆಡ್‌ಲೈಟ್ ಬಲ್ಬಿನಷ್ಟು, ಆ ಪುಟ್ಟ ಜಾಗದಲ್ಲಿ. ಪ್ಲಾಸ್ಟಿಕ್ ಕಂದಾಗಿ ಕರಗಿದ ಕನೆಕ್ಟರ್ ಕಂಡರೆ ಮೀಟರ್ ಇಡುವ ಮೊದಲೇ ಅರ್ಧ ಕೆಲಸ ಮುಗಿದಂತೆ.

ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿಗೆ (ಹಳೆಯ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಅದು ಇಂದಿಗೂ ಡೈನಮೋ) ಹೆಚ್ಚು ಹೊತ್ತು ಬೇಕಿಲ್ಲ. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ ಎಂಜಿನನ್ನು 2000 ಆರ್‌ಪಿಎಂಗೆ ಏರಿಸಿದಾಗ ಬ್ಯಾಟರಿಯಲ್ಲಿ 13.8ರಿಂದ 14.5 ಬಂದರೆ ಸರಿ. ಕಡಿಮೆ ಬಂದರೆ ಬೆಲ್ಟಿನ ಬಿಗಿ ನೋಡಿ, ಆಮೇಲೆ ಆಲ್ಟರ್ನೇಟರಿನ ದಪ್ಪ ಬೋಲ್ಟಿನಿಂದ ಬ್ಯಾಟರಿಯ ಪ್ಲಸ್‌ವರೆಗೆ ನಷ್ಟ ಅಳೆಯಿರಿ, 0.3 ದಾಟಿದರೆ ತಪ್ಪು ಕೇಬಲಿನದ್ದು. ಬ್ಯಾಟರಿಯಲ್ಲಿ 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಕುದಿದು ಕೊಳೆತ ಮೊಟ್ಟೆಯ ವಾಸನೆ ಬರುವುದು ಈ ಹಂತದಲ್ಲಿ. ಇನ್ನು ಮೀಟರನ್ನು ಎಸಿ ರೇಂಜಿಗೆ ತಿರುಗಿಸಿ ಅದೇ ಜಾಗದಲ್ಲಿ ಹಿಡಿದಾಗ 0.5 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಆಲ್ಟರ್ನೇಟರಿನೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡೊಂದು ಹೋಗಿದೆ ಎಂದು ಅನುಮಾನಿಸಿ. ಕೆಟ್ಟ ಡಯೋಡ್ ರಾತ್ರಿ ಹೊತ್ತು ಬ್ಯಾಟರಿಯನ್ನು ಹಿಂದಿನಿಂದ ಹೀರುವುದೂ ಉಂಟು.

'ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ನೋಡು, ನಿಂತರೆ ಡೈನಮೋ ಹೋಗಿದೆ' ಎಂಬ ಹಳೆಯ ಪರೀಕ್ಷೆಯನ್ನು ದಯವಿಟ್ಟು ಮಾಡಬೇಡಿ. ಚಾರ್ಜ್ ಆಗುತ್ತಿದ್ದ ಬ್ಯಾಟರಿ ಥಟ್ಟನೆ ಇಲ್ಲವಾದರೆ ಆಲ್ಟರ್ನೇಟರಿನ ವೋಲ್ಟೇಜ್ ಕ್ಷಣಕಾಲ 80-100ರವರೆಗೂ ಜಿಗಿಯಬಲ್ಲದು. ಉಳಿಸಿದ್ದು ಐದು ನಿಮಿಷ, ಸುಟ್ಟದ್ದು ಇಸಿಯು.

ಹೊಸ ಕಾರುಗಳಲ್ಲಿ ಇನ್ನೊಂದು ತೊಡಕು. ಮೈನಸ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಕೂತಿದ್ದರೆ ಆಲ್ಟರ್ನೇಟರಿನ ಲಗಾಮು ಇಸಿಯು ಕೈಯಲ್ಲಿರುತ್ತದೆ. ಇಂಧನ ಉಳಿಸಲು ಅದು ಚಾರ್ಜಿಂಗನ್ನು ಬೇಕೆಂದೇ ತಗ್ಗಿಸುತ್ತದೆ. ಐಡ್ಲಿಂಗಿನಲ್ಲಿ 12.8 ಕಂಡು ಆಲ್ಟರ್ನೇಟರ್ ಬಿಚ್ಚಲು ಹೊರಡಬೇಡಿ. ಹೆಡ್‌ಲೈಟ್ ಹಾಕಿ, ಕಾರನ್ನು ಒಂದಷ್ಟು ಓಡಿಸಿ, ಸ್ಕ್ಯಾನರಿನಲ್ಲಿ ವೋಲ್ಟೇಜ್ ಏರಿಳಿಯುವುದನ್ನು ನೋಡಿ. ಜಂಪ್ ಕೊಡುವಾಗ (ಬೇರೆ ಬ್ಯಾಟರಿಯಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡುವಾಗ) ಕಪ್ಪು ಕೇಬಲನ್ನು ಆ ಸೆನ್ಸರಿಗಲ್ಲ, ಬಾಡಿಯ ಲೋಹಕ್ಕೆ ಕಚ್ಚಿಸಿ.

ಎಲ್ಲ ಸರಿಯಿದ್ದೂ ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್ ಆಗುವ ಕಾರು ಉಳಿಯಿತು. ಆರಿಸಿಟ್ಟ ಕಾರು ಕೂಡ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತದೆ, ಅದು ಸಹಜ. 50ರ ಲೆಕ್ಕದಲ್ಲಿ 35 ಆಂಪಿಯರ್-ಅವರ್ ಬ್ಯಾಟರಿ ಖಾಲಿಯಾಗಲು 700 ಗಂಟೆ, ಹತ್ತಿರಹತ್ತಿರ ಒಂದು ತಿಂಗಳು. ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ ಎಲ್ಲೋ ಸೋರಿಕೆ. ಬಾನೆಟ್ ತೆರೆದು ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು, ಕಾರ್ ಲಾಕ್ ಮಾಡಿ, ರಿಮೋಟ್ ಕೀಯನ್ನು ದೂರ ಇಟ್ಟು ಅರ್ಧ ಗಂಟೆ ಸುಮ್ಮನಿರಿ. ಒಳಗಿನ ಕಂಪ್ಯೂಟರುಗಳು ನಿದ್ದೆ ಹೋಗಬೇಕು. ಫ್ಯೂಸ್ ಕಿತ್ತು ನೋಡುವುದು ಬೇಡ, ಮತ್ತೆ ಹಾಕುವಾಗ ಅವು ಎದ್ದು ಕೂರುತ್ತವೆ. ಮೀಟರನ್ನು 200 ಮಿಲಿವೋಲ್ಟ್ ರೇಂಜಿಗಿಟ್ಟು ಪ್ರತಿ ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ತಾಗಿಸುತ್ತಾ ಹೋಗಿ. ಸೊನ್ನೆ ಬಂದ ಫ್ಯೂಸಿನಲ್ಲಿ ಕರೆಂಟ್ ಇಲ್ಲ. 10 ಆಂಪಿಯರ್ ಫ್ಯೂಸ್ ಒಂದರ ಮೇಲೆ 3 ಮಿಲಿವೋಲ್ಟ್ ಕಂಡರೆ ಅದರಲ್ಲಿ ಸುಮಾರು 0.4 ಆಂಪಿಯರ್ ಹರಿಯುತ್ತಿದೆ.

ಈ 0.4 ಎಂಬುದು 5 ವ್ಯಾಟಿನ ಒಂದು ಬಲ್ಬಿನ ಲೆಕ್ಕ. ಎರಡು ದಿನದಲ್ಲಿ ಅರ್ಧ ಬ್ಯಾಟರಿ ಕುಡಿಯಲು ಅಷ್ಟು ಸಾಕು. ಫ್ಯೂಸಿನ ಪಟ್ಟಿಯಲ್ಲಿ ಅದು ಒಳದೀಪಗಳ ಫ್ಯೂಸ್ ಆಗಿದ್ದರೆ ಫೋನಿನಲ್ಲಿ ವಿಡಿಯೊ ಆನ್ ಮಾಡಿ ಡಿಕ್ಕಿಯೊಳಗೆ ದೀಪದ ಕಡೆ ಮುಖ ಮಾಡಿಟ್ಟು ಮುಚ್ಚಿ. ಒಂದು ನಿಮಿಷ ಬಿಟ್ಟು ತೆಗೆದು ನೋಡಿದರೆ ದೀಪ ಆರಿತ್ತೋ ಉರಿಯುತ್ತಲೇ ಇತ್ತೋ ತಿಳಿಯುತ್ತದೆ.