ಪೈಲಟ್ ರೆಕ್ಕೆ ಬ್ಯಾಡ್ಜ್: ಅಸಲಿ ಯಾವುದು ಅನ್ನೋ ಗೊಂದಲ ಬೆಳೆದು ಬಂದದ್ದು ಹೇಗೆ?

ಎರಡನೇ ಮಹಾಯುದ್ಧದ ಕಾಲದ್ದು ಎನ್ನಲಾದ ಅಮೆರಿಕದ ಪೈಲಟ್ ಬ್ಯಾಡ್ಜ್ ಒಂದು ಹರಾಜಿಗೆ ಬರುತ್ತದೆ. ನೋಡಿದವರಲ್ಲಿ ಒಬ್ಬರು ಅಸಲಿ ಅನ್ನುತ್ತಾರೆ, ಇನ್ನೊಬ್ಬರು ನಕಲಿ ಅನ್ನುತ್ತಾರೆ. ಮೂರನೆಯವರು ‘ಅಚ್ಚು ಅಸಲಿ, ಬ್ಯಾಡ್ಜ್ ಮಾತ್ರ ಆಮೇಲಿನದು’ ಅನ್ನುತ್ತಾರೆ. ಹೊಸಬರಿಗೆ ತಲೆ ಕೆಡುವುದು ಈ ಮೂರನೇ ಮಾತು ಕೇಳಿದಾಗ. ಅದು ಎಲ್ಲಿಂದ ಬಂತು ಅಂತ ತಿಳಿದರೆ ಅರ್ಧ ಸಿಕ್ಕು ಬಿಡಿಸಿದ ಹಾಗೆ.

ಶುರುವಿನಲ್ಲಿ ಇಂಥ ಗೊಂದಲಕ್ಕೆ ಜಾಗವೇ ಇರಲಿಲ್ಲ. 1913ರಲ್ಲಿ ಆಗಿನ ಜರ್ಮನಿಯ ಭಾಗವಾಗಿದ್ದ ಪ್ರಶ್ಯ, ಬ್ರಿಟನ್ ಮತ್ತು ಅಮೆರಿಕ ಮೂರೂ ತಮ್ಮ ಸೇನಾ ಪೈಲಟ್‌ಗಳಿಗೆ ಬ್ಯಾಡ್ಜ್ ಕೊಡಲು ತೀರ್ಮಾನಿಸಿದವು. ಆಗ ಪೈಲಟ್‌ಗಳೇ ಕಡಿಮೆ, ಬ್ಯಾಡ್ಜ್‌ಗಳೂ ಕಡಿಮೆ. 1918ರ ಏಪ್ರಿಲ್ 1ರಂದು ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್ ಹೋಗಿ ರಾಯಲ್ ಏರ್ ಫೋರ್ಸ್ ಬಂತು, ಎದೆಯ ಮೇಲಿನ ಬ್ಯಾಡ್ಜ್‌ನ ಅಕ್ಷರಗಳೂ ಬದಲಾದವು. 1919ರಲ್ಲಿ ಅಮೆರಿಕ ಈಗಲೂ ನಡೆಯುತ್ತಿರುವ ರೂಪಕ್ಕೆ ಬಂದು ನಿಂತಿತು: ನಡುವೆ ಗುರಾಣಿ, ಎರಡೂ ಕಡೆ ಬೆಳ್ಳಿ ರೆಕ್ಕೆ.

ನಿಜವಾದ ಕಥೆ ಶುರುವಾಗುವುದು ಎರಡನೇ ಮಹಾಯುದ್ಧದಲ್ಲಿ. 1939ರಿಂದ 1945ರ ನಡುವೆ ಅಮೆರಿಕದ ವಾಯುಪಡೆ ಸುಮಾರು 1,93,000 ಪೈಲಟ್‌ಗಳನ್ನು ತಯಾರು ಮಾಡಿತು. ದಾರಿ ನೋಡುವ ನ್ಯಾವಿಗೇಟರ್, ಬಾಂಬು ಹಾಕುವ ಬಾಂಬಾರ್ಡಿಯರ್, ಗನ್ನರ್ ಹೀಗೆ ಒಬ್ಬೊಬ್ಬರಿಗೂ ಬೇರೆ ಬೇರೆ ರೆಕ್ಕೆ. ಅಂಗಿಗೆ ಎರಡು ಇಂಚಿನದು, ಕೋಟ್‌ಗೆ ಮೂರು ಇಂಚಿನದು. ಒಂದು ಕಾರ್ಖಾನೆಯಿಂದ ಆಗುವ ಕೆಲಸವೇ ಅಲ್ಲ ಅದು. ನ್ಯೂಯಾರ್ಕಿನ ಎನ್. ಎಸ್. ಮೇಯರ್, ಮ್ಯಾಸಚೂಸೆಟ್ಸ್‌ನ ಆಮ್‌ಕ್ರಾಫ್ಟ್, ಲಂಡನ್ನಿನ ಗಾಂಟ್ ಹೀಗೆ ಹತ್ತಾರು ಕಂಪನಿಗಳು ಮಾಡಿದವು. ಎಲ್ಲರೂ ಅನುಸರಿಸಿದ್ದು ಒಂದೇ ವಿನ್ಯಾಸವನ್ನು, ಆದರೆ ಗರಿಯ ಗೆರೆ, ಗುರಾಣಿಯ ಪಟ್ಟಿ, ಹಿಂಬದಿಯ ಪಿನ್ನು ಒಬ್ಬೊಬ್ಬರದು ಒಂದೊಂದು ಥರ. ಅಧಿಕಾರಿಗಳು ಸ್ವಂತ ದುಡ್ಡು ಕೊಟ್ಟು ಅಂಗಡಿಯಲ್ಲಿ ಚೆಂದದ್ದನ್ನು ಆರಿಸಿಕೊಳ್ಳುವುದೂ ಇತ್ತು. ಹಾಗಾಗಿ ‘ಅಸಲಿ ಅಂದರೆ ಹೀಗೇ ಇರಬೇಕು’ ಅನ್ನುವ ಒಂದೇ ಮಾದರಿ ಆಗಲೂ ಇರಲಿಲ್ಲ.

ಇದಕ್ಕಿಂತ ಕಷ್ಟದ್ದು ಚೀನಾ–ಬರ್ಮಾ–ಭಾರತ ರಣರಂಗದ ಬ್ಯಾಡ್ಜ್‌ಗಳು. ಇಲ್ಲಿಗೆ ಬಂದ ಅಮೆರಿಕನ್ ವೈಮಾನಿಕರು ಊರಿನಿಂದ ಪಾರ್ಸೆಲ್ ಬರುವ ತನಕ ಕಾಯಲಿಲ್ಲ. ಇಲ್ಲಿನ ಅಕ್ಕಸಾಲಿಗಳ ಹತ್ತಿರ ಬೆಳ್ಳಿಯಲ್ಲಿ ಕೊರೆಸಿಕೊಂಡರು, ಜರಿ ಕೆಲಸದವರ ಹತ್ತಿರ ಬಟ್ಟೆ ಮೇಲೆ ಹೊಲಿಸಿಕೊಂಡರು. ಅಂಥ ಒಂದು ರೆಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿ. ಎಡಗಡೆಯ ಗರಿಗಳಿಗೂ ಬಲಗಡೆಯ ಗರಿಗಳಿಗೂ ಹೊಂದಾಣಿಕೆ ಇರುವುದಿಲ್ಲ. ಉಳಿ ಜಾರಿದ ಗೆರೆ ಹಾಗೇ ಉಳಿದಿರುತ್ತದೆ. ಪಿನ್ ಕೂರಿಸಿದ ಕಡೆ ಬೆಸುಗೆ ದಪ್ಪಗೆ ಹರಡಿರುತ್ತದೆ. ಎಷ್ಟೋ ಬಾರಿ ಹಿಂದೆ ಮುದ್ರೆಯೂ ಇರುವುದಿಲ್ಲ. ಇವು ತುಂಬಾ ಚೆಲುವಾದ ವಸ್ತುಗಳು, ಒಂದರ ಹಾಗೆ ಇನ್ನೊಂದಿಲ್ಲ. ಕೆಟ್ಟ ಕೆಲಸದ ನಕಲನ್ನು ‘ಭಾರತದಲ್ಲಿ ಕೈಯಲ್ಲಿ ಮಾಡಿದ್ದು’ ಅಂತ ಮಾರುವುದು ಸುಲಭವಾಗಿರುವುದೂ ಇದೇ ಕಾರಣಕ್ಕೆ.

ಯುದ್ಧ ಮುಗಿಯಿತು, ಆದರೆ ಉಕ್ಕಿನ ಅಚ್ಚುಗಳು ಎಲ್ಲಿಗೂ ಹೋಗಲಿಲ್ಲ. ಯುದ್ಧದ ತಲೆಮಾರಿಗೆ ವಯಸ್ಸಾದಂತೆ ನೆನಪಿನ ವಸ್ತುಗಳಿಗೆ ಬೇಡಿಕೆ ಬಂತು. ಹಳೆ ಅಚ್ಚುಗಳಿಂದಲೇ ಮತ್ತೆ ಬ್ಯಾಡ್ಜ್ ಹೊಡೆದರು. ಇದರಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಕಳೆದುಹೋದ ತಮ್ಮ ರೆಕ್ಕೆಯ ಬದಲು ಇನ್ನೊಂದು ಬೇಕು ಅಂದ ಹಳೆ ಪೈಲಟ್‌ಗೆ ಅದು ಸಿಕ್ಕರೆ ಒಳ್ಳೆಯದೇ ಅಲ್ವಾ? ತೊಂದರೆ ಆದದ್ದು, ಆಮೇಲೆ ಹೊಡೆದದ್ದು ಅಂತ ಹೇಳುವ ಗುರುತು ಅವುಗಳ ಮೇಲೆ ಇಲ್ಲದ್ದರಿಂದ. ಮೊದಲು ಮಾರಿದವರು ನಿಜವನ್ನೇ ಹೇಳಿರಬಹುದು. ನಾಲ್ಕು ಕೈ ದಾಟುವಷ್ಟರಲ್ಲಿ ಆ ಮಾತು ಉದುರಿಹೋಗಿ ಬ್ಯಾಡ್ಜ್ ಮಾತ್ರ ಉಳಿಯಿತು.

ಜರ್ಮನಿಯಲ್ಲಿ ನಡೆದದ್ದು ಬೇರೆ. 1957ರಲ್ಲಿ ಪಶ್ಚಿಮ ಜರ್ಮನಿ ಹಳೆ ಯುದ್ಧದ ಬ್ಯಾಡ್ಜ್‌ಗಳನ್ನು ನಾಜಿಗಳ ಸ್ವಸ್ತಿಕ ತೆಗೆದ ರೂಪದಲ್ಲಿ ಧರಿಸಲು ಒಪ್ಪಿಗೆ ಕೊಟ್ಟಿತು. ಆ ಕಾನೂನಿನ ಉದ್ದೇಶ ಸಂಗ್ರಾಹಕರ ಹಿತ ಕಾಯುವುದಲ್ಲ. ಆದರೂ ಅದರಡಿ ಬಂದ ಬ್ಯಾಡ್ಜ್ ಅನ್ನು ದೂರದಿಂದಲೇ ಗುರುತಿಸಬಹುದು. ಸ್ವಸ್ತಿಕ ಇರುವ ನಕಲಿಗಳ ಕಾಟ ಅಲ್ಲೂ ತಪ್ಪಿಲ್ಲ, ಆದರೆ ಕಾನೂನುಬದ್ಧವಾಗಿ ಮತ್ತೆ ಮಾಡಿದ್ದು ಯಾವುದು ಅನ್ನುವ ಪ್ರಶ್ನೆಯಂತೂ ಏಳುವುದಿಲ್ಲ. ಅಮೆರಿಕದಲ್ಲಿ 1973ರ ಹಾಬಿ ಪ್ರೊಟೆಕ್ಷನ್ ಆಕ್ಟ್ ಪ್ರಕಾರ ನಾಣ್ಯದ ನಕಲಿನ ಮೇಲೆ ‘ಕಾಪಿ’ ಅಂತ ಒತ್ತಬೇಕು, ಚುನಾವಣಾ ಪ್ರಚಾರಕ್ಕೆ ಅಂಗಿಗೆ ಸಿಕ್ಕಿಸಿಕೊಳ್ಳುವ ಬಟನ್ನಿನಂಥ ವಸ್ತುಗಳ ನಕಲಿನ ಮೇಲೆ ತಯಾರಿಸಿದ ವರ್ಷ ಹಾಕಬೇಕು. ಸೇನಾ ಬ್ಯಾಡ್ಜ್ ಅದರ ವ್ಯಾಪ್ತಿಗೆ ಬರಲೇ ಇಲ್ಲ. ಹಿಂಬದಿಯಲ್ಲಿ ಒಂದು ವರ್ಷ ಒತ್ತಿಸಿದ್ದರೆ ಎಷ್ಟೋ ಜಗಳ ಹುಟ್ಟುತ್ತಲೇ ಇರಲಿಲ್ಲ.

ಇದರ ಜೊತೆಗೆ ಶುದ್ಧ ನಕಲಿಗಳೂ ಬಂದವು. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದವು. ಇವುಗಳನ್ನು ಹಿಡಿಯುವುದು ಅಷ್ಟು ಕಷ್ಟ ಅಲ್ಲ. ಉಕ್ಕಿನ ಅಚ್ಚಿನಲ್ಲಿ ಒತ್ತಿದ ಲೋಹದ ಗೆರೆ ಚೂಪಾಗಿರುತ್ತದೆ, ಗೆರೆಗಳ ನಡುವಿನ ಮೈ ನುಣುಪಾಗಿರುತ್ತದೆ. ಎರಕದಲ್ಲಿ ಗರಿಗಳ ಸಂದಿ ತುಂಬಿಕೊಂಡಿರುತ್ತದೆ, ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಲೋಹ ಆರುವಾಗ ಕುಗ್ಗುವುದರಿಂದ ಅಳತೆಯೂ ಅಸಲಿಗಿಂತ ತುಸು ಕಡಿಮೆ ಬರುತ್ತದೆ. ಅಪರೂಪದ ರೆಕ್ಕೆಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅಮೆರಿಕದ ಮಹಿಳಾ ಪೈಲಟ್ ಪಡೆಯಾದ ವಾಸ್ಪ್‌ನಲ್ಲಿ ತರಬೇತಿ ಮುಗಿಸಿದವರು 1,074 ಮಂದಿ. ಅಷ್ಟು ಜನರ ಬ್ಯಾಡ್ಜ್ ಎಲ್ಲಾ ಸಂತೆಯಲ್ಲೂ ಸಿಗಲು ಸಾಧ್ಯವೇ?

ಈ ಗದ್ದಲದಲ್ಲಿ ಸಂಗ್ರಾಹಕರು ಸುಲಭದ ಸೂತ್ರಗಳನ್ನು ಹುಡುಕಿಕೊಂಡರು. ಒಂದೊಂದಾಗಿ ಎಲ್ಲವೂ ಕೈಕೊಟ್ಟವು. ಬೆಳ್ಳಿಯ ಶುದ್ಧತೆ ಹೇಳುವ ‘ಸ್ಟರ್ಲಿಂಗ್’ ಮುದ್ರೆ ಇದ್ದರೆ ಅಸಲಿ ಅಂದರು, ಆದರೆ ಎರಕ ಹೊಯ್ದರೆ ಮುದ್ರೆಯೂ ಜೊತೆಗೇ ಬರುತ್ತದೆ. ಹಿಂಬದಿಯಲ್ಲಿ ಮೊಳೆಗೆ ಸಿಕ್ಕಿಸುವ ಕ್ಲಚ್ ಇದ್ದರೆ ಯುದ್ಧದ ನಂತರದ್ದು ಅಂದರು, ಆದರೆ ಯುದ್ಧ ನಡೆಯುತ್ತಿರುವಾಗಲೇ ಕ್ಲಚ್ ಬಳಕೆಗೆ ಬಂದಿತ್ತು. ಬಟ್ಟೆಯ ಬ್ಯಾಡ್ಜ್ ನೇರಳಾತೀತ ಬೆಳಕಿನಲ್ಲಿ ಹೊಳೆದರೆ ಹೊಸದು ಅಂದರು. ಇದು ಒಳ್ಳೆಯ ಪರೀಕ್ಷೆಯೇ, ಹೊಳಪು ಕೊಡುವ ರಾಸಾಯನಿಕಗಳು ನೂಲಿಗೂ ಸೋಪಿಗೂ ವ್ಯಾಪಕವಾಗಿ ಬಂದದ್ದು ಯುದ್ಧದ ನಂತರ. ಆದರೆ ಹಳೆ ಅಂಗಿಯನ್ನು ಹೊಸ ಸೋಪಿನಲ್ಲಿ ಒಗೆದರೆ ಅಸಲಿ ರೆಕ್ಕೆಯೂ ಹೊಳೆಯುತ್ತದೆ. ಹೊಳೆಯದ ನೂಲು ಹುಡುಕಿ ಹೊಲಿಯುವ ನಕಲಿಗಾರನಿಗೆ ಇದು ಲೆಕ್ಕಕ್ಕೇ ಇಲ್ಲ.

ಬ್ರಿಟಿಷ್ ಬ್ಯಾಡ್ಜ್‌ಗಳಿಗೆ ಕಿರೀಟವೇ ಆಧಾರವಾಗಿತ್ತು. ಕಮಾನು ದುಂಡಗೆ ಉಬ್ಬಿದ್ದರೆ ರಾಜರ ಕಾಲದ್ದು, ನಡುವೆ ತಗ್ಗಿದ್ದರೆ 1952ರ ನಂತರದ ಎಲಿಜಬೆತ್ ರಾಣಿಯ ಕಾಲದ್ದು. 2022ರಲ್ಲಿ ಮೂರನೇ ಚಾರ್ಲ್ಸ್ ದುಂಡು ಕಮಾನಿನ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡರು. ಈಗ ತಯಾರಾಗುವ ಹೊಸ ರೆಕ್ಕೆಗಳ ಮೇಲೂ ದುಂಡು ಕಿರೀಟ ಬರುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ ಅವೂ ಸವೆದು ಮಸುಕಾದಾಗ ಈ ಸೂತ್ರವನ್ನು ಸುಮ್ನೆ ನಂಬಿದವರು ಏಮಾರುತ್ತಾರೆ.

ಸದ್ಯಕ್ಕೆ ಕೆಲಸಕ್ಕೆ ಬರುತ್ತಿರುವುದು ಹೋಲಿಕೆ. ಒಂದು ಅಚ್ಚಿಗೆ ಬಿರುಕು ಬಿದ್ದರೆ, ಆಮೇಲೆ ಅದರಿಂದ ಹೊಡೆದ ಪ್ರತಿ ಬ್ಯಾಡ್ಜ್ ಮೇಲೂ ಅದೇ ಜಾಗದಲ್ಲಿ ಕೂದಲೆಳೆಯಂಥ ಗೆರೆ ಮೂಡುತ್ತದೆ. ಪೈಲಟ್ ಮನೆಯವರಿಂದಲೇ ಬಂದ ಬ್ಯಾಡ್ಜ್‌ಗಳ ದೊಡ್ಡ ಫೋಟೋಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಕೆಲವೊಮ್ಮೆ ಹೇಳಲು ಸಾಧ್ಯ. ಇದಕ್ಕೆ ಮುಂಬದಿಗಿಂತ ಹಿಂಬದಿಯ ಫೋಟೋ ಜಾಸ್ತಿ ಮುಖ್ಯ, ಮಾರುವವರು ಕೊಡದೇ ಇರುವುದೂ ಅದನ್ನೇ. ಅಮೆರಿಕದ ಆ ಹಳೆ ಹಾಬಿ ಪ್ರೊಟೆಕ್ಷನ್ ಆಕ್ಟ್‌ಗೆ 2014ರಲ್ಲಿ ತಿದ್ದುಪಡಿ ಬಂತು. ಅದರ ಗಮನ ನಾಣ್ಯಗಳ ಮೇಲಿತ್ತು, ರೆಕ್ಕೆಗಳು ಆಗಲೂ ಹೊರಗೇ ಉಳಿದವು.